ಮೂಡಲಪಾಳ್ಯದಿಂದ ಬಂಡೀಪುರಕ್ಕೆ: ಕಾಡಿಗೆ ತೊಂದರೆ ಕೊಡದೆ ಹೋಗಿಬನ್ನಿ

ಮೂಡಲಪಾಳ್ಯದವರಿಗೆ ಮೈಸೂರು ರಸ್ತೆ ಕೂಗಳತೆಯ ದೂರ. ನಾಯಂಡಹಳ್ಳಿ ದಾಟಿ ಮೈಸೂರು, ನಂಜನಗೂಡು, ಗುಂಡ್ಲುಪೇಟೆ ಹಾದರೆ ಸುಮಾರು 220 ಕಿ.ಮೀ.ಗೆ ಬಂಡೀಪುರ. ಇಷ್ಟು ಸಲೀಸಾಗಿ ತಲುಪಬಹುದಾದ ಕಾಡು ಆಗಿರುವುದರಿಂದಲೇ ವಾರಾಂತ್ಯದಲ್ಲಿ ಅದರ ಮೇಲೆ ಬೆಂಗಳೂರಿನ ಭಾರವೂ ಹೆಚ್ಚು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ಅಂದಾಜಿಸಲಾಯಿತು. ಬಂಡೀಪುರದಲ್ಲಿ 150, ಪಕ್ಕದ ನಾಗರಹೊಳೆಯಲ್ಲಿ 141. ಆದರೂ ಒಂದು ಸಫಾರಿಯಲ್ಲಿ ಹುಲಿ ಕಂಡೇ ಕಾಣುತ್ತದೆ ಎಂದು ಯಾರೂ ಮಾತು ಕೊಡಲಾರರು.

ಹೊರಡುವ ಮುನ್ನ

ಮೊದಲು ಮನೆಯವರೆಲ್ಲ ಕೂತು ಒಂದು ವಿಷಯ ತೀರ್ಮಾನಿಸಿಕೊಳ್ಳಿ. ಹುಲಿ ನೋಡಲೇಬೇಕೆಂದು ಮಕ್ಕಳು ಹಟ ಹಿಡಿದಿದ್ದರೆ ಬನ್ನೇರುಘಟ್ಟದ ಸಫಾರಿಗೆ ಕರೆದುಕೊಂಡು ಹೋಗಿ. ಅಲ್ಲಿ ಬೇಲಿಯೊಳಗಿನ ಹುಲಿ ಖಂಡಿತ ಕಾಣುತ್ತದೆ, ಅದೇನೂ ಕಡಿಮೆ ಸಂತೋಷವಲ್ಲ. ಬಂಡೀಪುರಕ್ಕೆ ಕಾಡು ನೋಡಲು ಹೋಗಬೇಕು.

ಎರಡನೆಯದು, ಸಫಾರಿ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳುವುದು. ಸರಗೂರು ಭಾಗದ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ, 2025ರ ನವೆಂಬರ್‌ನಲ್ಲಿ ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿಯನ್ನೇ ನಿಲ್ಲಿಸಲಾಯಿತು. ನಮ್ಮ ರಜೆ ಹಾಳಾಯಿತೆಂದು ಗೊಣಗುವಾಗ, ಕಾಡಂಚಿನಲ್ಲಿ ಹೊಲ ಕಾಯುವವರು ಈ ಹುಲಿಗಳಿಗಾಗಿ ತೆರುತ್ತಿರುವ ಬೆಲೆ ನೆನಪಿರಲಿ. ಟಿಕೆಟ್ಟನ್ನು ಅರಣ್ಯ ಇಲಾಖೆ ಇಲ್ಲವೇ ಸರ್ಕಾರದ ಜಂಗಲ್ ಲಾಡ್ಜಸ್ ಮೂಲಕವೇ ಪಡೆಯಿರಿ. ಮಧ್ಯವರ್ತಿಗಳು ಹೇಳುವ 'ಸ್ಪೆಷಲ್ ಸಫಾರಿ', 'ನೈಟ್ ಡ್ರೈವ್' ಕಡೆ ತಲೆ ಹಾಕಬೇಡಿ.

ಉಳಿದುಕೊಳ್ಳಲು ರೂಮು ಬುಕ್ ಮಾಡುವಾಗ ರಾತ್ರಿ ಧ್ವನಿವರ್ಧಕ, ಕ್ಯಾಂಪ್‌ಫೈರ್ ಇರುತ್ತದೆಯೇ ಎಂದು ಕೇಳಿ. ಇದೆ ಎಂದರೆ ಬೇರೆ ಕಡೆ ನೋಡಿ. ಕಾಡಂಚಿನಲ್ಲಿ ಕತ್ತಲಾದ ಮೇಲೆ ಆನೆಗಳು ಓಡಾಡುವ ಹೊತ್ತಿನಲ್ಲಿ ಆ ಗದ್ದಲ ಬೇಕಿಲ್ಲ.

ಕಾರಿಲ್ಲದಿದ್ದರೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಊಟಿ ಬಸ್ಸು ಹತ್ತಿ. ಅದು ಬಂಡೀಪುರದ ಮೂಲಕವೇ ಹೋಗುತ್ತದೆ. ಬೈಕಿನವರಿಗೆ 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಸ್ಟೀಲ್ ಬಾಟಲಿಯಲ್ಲಿ ನೀರು, ಡಬ್ಬಿಯಲ್ಲಿ ತಿಂಡಿ, ಕಸಕ್ಕೊಂದು ಬಟ್ಟೆ ಚೀಲ ಜೊತೆಗಿರಲಿ. ಮಾಸಲು ಹಸಿರು, ಮಣ್ಣಿನ ಬಣ್ಣದ ಬಟ್ಟೆ ಒಳ್ಳೆಯದು. ಸೆಂಟು ಬೇಡ.

ಹೆದ್ದಾರಿಯಲ್ಲಿ

ಪ್ರವಾಸಿಗರಿಂದ ಕಾಡಿಗೆ ಆಗುವ ಹಾನಿ ಸಫಾರಿ ದಾರಿಗಿಂತ ಹೆದ್ದಾರಿಯಲ್ಲೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಸಫಾರಿ ಜೀಪಿನಲ್ಲಿ ಹೇಳುವವರು ಕೇಳುವವರು ಇರುತ್ತಾರೆ. ಸ್ವಂತ ಕಾರಿನಲ್ಲಿ ಯಾರಿರುತ್ತಾರೆ? ಗುಂಡ್ಲುಪೇಟೆಯಿಂದ ಊಟಿಗೂ ವಯನಾಡಿಗೂ ಹೋಗುವ ಎರಡೂ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಗೇಟು ಮುಚ್ಚುವ ಮುನ್ನ ದಾಟಿಬಿಡೋಣ ಎಂದು ಮುಸ್ಸಂಜೆಯಲ್ಲಿ ವೇಗವಾಗಿ ಓಡಿಸುವುದು ಜಿಂಕೆಗಳಿಗೆ ಮೃತ್ಯು. ಒಂದು ಗಂಟೆ ಮೊದಲೇ ಹೊರಡಿ.

ಕಾಡು ಶುರುವಾದ ಮೇಲೆ ಎಲ್ಲೂ ಗಾಡಿ ನಿಲ್ಲಿಸಬೇಡಿ, ಇಳಿಯಲೂ ಬೇಡಿ. ಕೋತಿಗೆ ಬಿಸ್ಕತ್ತು ಎಸೆಯುವುದು ಪುಣ್ಯದ ಕೆಲಸವಲ್ಲ. ತಿನ್ನುವ ಆಸೆಗೆ ಅವು ರಸ್ತೆಯಲ್ಲೇ ಬೀಡುಬಿಡುತ್ತವೆ, ಕೊನೆಗೆ ಚಕ್ರಕ್ಕೆ ಸಿಗುತ್ತವೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಇಳಿದು ಕಾಡಾನೆ ಜೊತೆ ಸೆಲ್ಫಿ ತೆಗೆಯಲು ಹೋದ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಅವರು ಬದುಕುಳಿದದ್ದೇ ಹೆಚ್ಚು. ಆಮೇಲೆ ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಆನೆ ರಸ್ತೆಗೆ ಅಡ್ಡ ನಿಂತಿದ್ದರೆ ದೂರದಲ್ಲೇ ನಿಲ್ಲಿ. ಹಾರ್ನ್ ಬೇಡ, ಲೈಟ್ ಮಿನುಗಿಸುವುದು ಬೇಡ. ಅದು ನಿಮ್ಮತ್ತ ಬಂದರೆ ನಿಧಾನವಾಗಿ ರಿವರ್ಸ್ ತೆಗೆದುಕೊಳ್ಳಿ.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಇನ್ನೊಂದು ಎಚ್ಚರ ಬೇಕು. 2019ರ ಫೆಬ್ರುವರಿಯ ಬೆಂಕಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಒಣಗಿದ ಹುಲ್ಲು, ಲಂಟಾನದ ಪೊದೆ ಹೊತ್ತಿಕೊಳ್ಳಲು ಒಂದು ಬೀಡಿ ತುಂಡು ಸಾಕು. ಬೆಟ್ಟದ ದೇವಸ್ಥಾನಕ್ಕೆ ಹೋಗುವುದಿದ್ದರೆ ಸ್ವಂತ ವಾಹನವನ್ನು ತಪ್ಪಲಿನಲ್ಲೇ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋಗಬೇಕು.

ಜೀಪು ಹತ್ತಿದ ಮೇಲೆ

ಸಫಾರಿ ಹೊರಡುವುದು ಮೇಲುಕಾಮನಹಳ್ಳಿಯಿಂದ. ಮಕ್ಕಳಿಗೆ ಶೌಚಾಲಯದ ಕೆಲಸ ಮೊದಲೇ ಮುಗಿಸಿ, ಒಳಗೆ ಇಳಿಯುವಂತಿಲ್ಲ. ಹತ್ತಿದ ಕೂಡಲೇ ಚಾಲಕರಿಗೆ ಒಂದು ಮಾತು ಹೇಳಿ: "ಹುಲಿ ಸಿಗದಿದ್ರೂ ಪರವಾಗಿಲ್ಲ ಅಣ್ಣ, ನಿಧಾನಕ್ಕೇ ಹೋಗೋಣ." ಈ ಇಡೀ ಲೇಖನದಲ್ಲಿ ಒಂದನ್ನಷ್ಟೇ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. ದುಡ್ಡು ಕೊಟ್ಟಿದ್ದೇವೆ, ಹುಲಿ ತೋರಿಸಿ ಎಂದು ನಾವು ಪೀಡಿಸುವುದರಿಂದಲೇ ಗಾಡಿಗಳು ಓಡುತ್ತವೆ, ಹುಲಿಯನ್ನು ನಾಲ್ಕೂ ಕಡೆಯಿಂದ ಸುತ್ತುವರಿಯುತ್ತವೆ.

ನಿಧಾನಕ್ಕೆ ಹೋದವರಿಗೆ ಕಾಡು ತುಂಬಾ ತೋರಿಸುತ್ತದೆ. ಎಂಜಿನ್ ಆರಿಸಿ ಎರಡು ನಿಮಿಷ ಕಿವಿಗೊಡಿ. ಮರದ ತುದಿಯಲ್ಲಿ ಎಲೆ ಮೇಯುತ್ತಿದ್ದ ಮುಸುವ ತಟ್ಟನೆ ನಿಲ್ಲಿಸಿ, ಕೆಮ್ಮಿದ ಹಾಗೆ ಕೂಗುತ್ತದೆ. ಕೆಳಗಿನ ಜಿಂಕೆಗಳು ಬಾಲ ನೆಟ್ಟಗೆ ಮಾಡಿ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಒಂದು ಮುಂಗಾಲಿನಿಂದ ನೆಲ ಬಡಿಯುತ್ತದೆ. ಆಚೆ ಪೊದೆಯಲ್ಲಿ ಕಡವೆಯೂ ಕೂಗಿದರೆ ಹುಲಿಯೋ ಚಿರತೆಯೋ ಹತ್ತಿರದಲ್ಲೇ ಇರಬೇಕು. ಬೆಳಗಿನ ಧೂಳಿನಲ್ಲಿ ಅಂಗೈಗಿಂತ ಅಗಲವಾದ ಹೆಜ್ಜೆ ಗುರುತು ಕಂಡರೆ ಮಕ್ಕಳಿಗೆ ತೋರಿಸಿ: ಉಗುರಿನ ಗುರುತು ಮೂಡಿರುವುದಿಲ್ಲ, ಏಕೆಂದರೆ ನಡೆಯುವಾಗ ಹುಲಿ ಉಗುರನ್ನು ಒಳಗೆಳೆದುಕೊಂಡಿರುತ್ತದೆ.

ಹುಲಿಯೇ ಎದುರಾದರೆ ಎದ್ದು ನಿಲ್ಲಬೇಡಿ, ಫ್ಲ್ಯಾಷ್ ಬಳಸಬೇಡಿ. ರಸ್ತೆ ದಾಟಲು ಹೊಂಚುತ್ತಿದ್ದರೆ ಅದರ ದಾರಿ ಬಿಡಲು ಚಾಲಕರಿಗೆ ಹೇಳಿ. ಮರಿಗಳಿದ್ದರೆ ಇನ್ನೂ ಬೇಗ ಜಾಗ ಖಾಲಿ ಮಾಡಿ. ಫೋಟೊವನ್ನು ಜಾಗದ ಹೆಸರಿನೊಂದಿಗೆ ಆಗಲೇ ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು ಬೇಡ. ಮರುದಿನ ಅಲ್ಲಿಗೆ ಜನ ಮುಗಿಬೀಳುತ್ತಾರೆ.

ಹಿಂತಿರುಗುವಾಗ

ಕಸದ ಚೀಲವನ್ನು ಮನೆಗೇ ತನ್ನಿ. ರಸ್ತೆಯಲ್ಲಿ ಗಾಯಗೊಂಡ ಪ್ರಾಣಿ, ಕಾಡಿನಲ್ಲಿ ಹೊಗೆ, ಪ್ರಾಣಿಗಳನ್ನು ಕೆಣಕುವವರು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಮತ್ತು ಕೆಣಕಿದವರ ವಾಹನದ ನಂಬರು ಹೇಳಿದರೆ ಸಿಬ್ಬಂದಿಗೆ ಹುಡುಕುವ ಕೆಲಸ ಸುಲಭವಾಗುತ್ತದೆ.