ಕರಡಿ ಪೇಟೆ ಎಂದರೇನು?

ವರ್ತಮಾನ ಪತ್ರಿಕೆಗಳ ವ್ಯಾಪಾರದ ಪುಟದಲ್ಲಿ ‘ಗೂಳಿಯ ಓಟ’, ‘ಕರಡಿಯ ಕುಣಿತ’ ಎಂಬ ಮಾತುಗಳನ್ನು ನಾವು ಆಗಾಗ್ಗೆ ಕಾಣುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾವೇ ಸಂಪಾದಿಸಿ ತಾವೇ ಹಣ ತೊಡಗಿಸುತ್ತಿರುವುದರಿಂದ, ಇವುಗಳ ಅರ್ಥವನ್ನು ವಿಚಾರಿಸುವುದು ಉಚಿತವಾಗಿದೆ.

ಷೇರುಗಳ ಬೆಲೆಯು ಬಹುಕಾಲ ಏರುತ್ತಿದ್ದರೆ ಅದು ಗೂಳಿ ಪೇಟೆ. ಒಟ್ಟು ಬೆಲೆಯು ತಾನು ಮುಟ್ಟಿದ ಶಿಖರದಿಂದ ಶೇಕಡಾ ೨೦ರಷ್ಟಾದರೂ ಇಳಿದರೆ ಅದನ್ನು ಕರಡಿ ಪೇಟೆ ಎನ್ನುವುದು ವಾಡಿಕೆ. ಕರಡಿಯನ್ನು ಹಿಡಿಯುವ ಮೊದಲೇ ಅದರ ಚರ್ಮವನ್ನು ಮಾರಬಾರದೆಂಬ ಗಾದೆಯೊಂದು ಯೂರೋಪಿನಲ್ಲಿದೆ. ಬೆಲೆ ಇಳಿಯುವುದೆಂದು ನಂಬಿ, ತನ್ನ ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ, ಬಳಿಕ ಅಗ್ಗವಾಗಿ ಕೊಂಡು ಒಪ್ಪಿಸುವವನನ್ನು ಲಂಡನ್ನಿನ ವರ್ತಕರು ಹದಿನೆಂಟನೆಯ ಶತಮಾನದಲ್ಲಿಯೇ ‘ಕರಡಿ’ ಎಂದು ಕರೆಯುತ್ತಿದ್ದರು.

ಇಳಿತದ ಲೆಕ್ಕವು ಏರಿಕೆಯ ಲೆಕ್ಕದಂತಲ್ಲ. ೧೦೦ ರೂಪಾಯಿಯು ಶೇಕಡಾ ೨೦ ಇಳಿದು ೮೦ ಆದರೆ, ಮರಳಿ ೧೦೦ ಆಗಲು ಶೇಕಡಾ ೨೫ ಏರಬೇಕು. ೫೦ಕ್ಕೆ ಇಳಿದರೆ ಶೇಕಡಾ ೧೦೦ ಏರಬೇಕು.

ಮುಂಬಯಿಯ ಪೇಟೆಯಲ್ಲಿ ೩೦ ದೊಡ್ಡ ಕಂಪೆನಿಗಳ ಷೇರುಬೆಲೆಯನ್ನು ಕೂಡಿಸಿ ತೋರಿಸುವ ಸೂಚ್ಯಂಕವೇ ಸೆನ್ಸೆಕ್ಸ್. ೨೦೦೮ರ ಜನವರಿಯಲ್ಲಿ ಅದು ೨೧,೦೦೦ವನ್ನು ದಾಟಿತ್ತು. ಅಮೆರಿಕದಲ್ಲಿ ಮನೆಸಾಲಗಳು ಮರಳಿ ಬಾರದೆ ದೊಡ್ಡ ಬ್ಯಾಂಕುಗಳು ಕುಸಿದುವು. ಆ ಭೀತಿಯು ಇಲ್ಲಿಗೂ ಹರಡಿ, ಅದೇ ಅಕ್ಟೋಬರಿನಲ್ಲಿ ಸೂಚ್ಯಂಕವು ೮,೦೦೦ಕ್ಕಿಂತ ಕೆಳಗಿಳಿಯಿತು. ೨೦೧೦ರ ನವೆಂಬರಿನಲ್ಲಿ ಪುನಃ ೨೧,೦೦೦ವನ್ನು ಮುಟ್ಟಿತು.

ಹಾಗಾದರೆ ತಾಳ್ಮೆಯೊಂದೇ ಸಾಕೆ? ಸಾಲದು. ಇಬ್ಬರು ತಾಯಂದಿರು ಒಂದೇ ದಿನ ಒಂದೇ ಷೇರುಗಳನ್ನು ಕೊಂಡರೆಂದು ಭಾವಿಸೋಣ. ಒಬ್ಬಳದು ಹತ್ತು ವರ್ಷ ಬೇಕಾಗದ ಹಣ. ಇನ್ನೊಬ್ಬಳದು ಆ ವರ್ಷವೇ ಮಗಳ ಕಾಲೇಜಿಗೆ ಕಟ್ಟಬೇಕಾದ ಶುಲ್ಕ. ಮೊದಲನೆಯವಳು ಕಾದಾಳು, ಎರಡನೆಯವಳು ನಷ್ಟಕ್ಕೆ ಮಾರಲೇಬೇಕು. ಇಬ್ಬರನ್ನು ಬೇರ್ಪಡಿಸಿದುದು ಜಾಣತನವಲ್ಲ, ಹಣ ಬೇಕಾಗುವ ದಿನ.

ಕಾಯುವ ಅವಧಿಯನ್ನು ಮುಂಚಿತವಾಗಿ ಹೇಳಬಲ್ಲವರಾರೂ ಇಲ್ಲ. ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕವು ೧೯೨೯ರ ಸೆಪ್ಟೆಂಬರಿನಲ್ಲಿ ೩೮೧ ಇದ್ದುದು ೧೯೩೨ರ ಜುಲೈಯಲ್ಲಿ ೪೧ಕ್ಕೆ ಇಳಿದು, ಹಳೆಯ ಮಟ್ಟಕ್ಕೆ ಬರುವಾಗ ೧೯೫೪ರ ನವೆಂಬರ್ ಆಗಿತ್ತು. ಸೂಚ್ಯಂಕವು ಚೇತರಿಸಿದರೂ, ಮುಳುಗಿದ ಕಂಪೆನಿಯ ಷೇರು ಎಂದಿಗೂ ಏಳದು.

ಆದಕಾರಣ ಶುಲ್ಕ, ಔಷಧ, ಬಾಡಿಗೆ ಮೊದಲಾದ ಸಮೀಪದ ಖರ್ಚಿನ ಹಣವನ್ನು ಬ್ಯಾಂಕಿನಲ್ಲಿಯೋ ಅಂಚೆಕಚೇರಿಯಲ್ಲಿಯೋ ಇಡೋಣ. ಸಾಲ ಮಾಡಿ ಷೇರು ಕೊಳ್ಳದಿರೋಣ. ದೀರ್ಘಕಾಲ ಬೇಡವಾದ ಹಣವನ್ನು ಮಾತ್ರ, ಅನೇಕ ಕಂಪೆನಿಗಳಲ್ಲಿ ಹಂಚಿ ತೊಡಗಿಸೋಣ. ಹೀಗೆ ಮಾಡಿದ ಮನೆಯಲ್ಲಿ, ಕರಡಿ ಬಂದ ವರ್ಷವೂ ಮಗಳ ಓದು ನಿಲ್ಲದು.