ಇಕ್ಕಟ್ಟಿನ ಜಾಗಕ್ಕೆ ಜಾರುಬಾಗಿಲು

ಬೆಂಗಳೂರಿನ 30-40 ಸೈಟಿನ ಮನೆಗಳಲ್ಲಿ ಅಡುಗೆಮನೆಯಿಂದ ಯುಟಿಲಿಟಿಗೆ ಹೋಗುವ ಬಾಗಿಲು ಎಷ್ಟೋ ಕಡೆ ಪೂರ್ತಿ ತೆರೆಯುವುದೇ ಇಲ್ಲ. ಈಚೆಗೆಳೆದರೆ ಫ್ರಿಜ್ಜು, ಆಚೆ ತಳ್ಳಿದರೆ ವಾಷಿಂಗ್ ಮಷೀನು. ಅಲ್ಲಿಗೆ ಜಾರುಬಾಗಿಲೇ ಸರಿ.

ಬಡಗಿಯನ್ನು ಕರೆಯುವ ಮುಂಚೆ ಪಕ್ಕದ ಗೋಡೆ ನೋಡಿಕೊಳ್ಳಿ. ಬಾಗಿಲು ಸರಿದು ನಿಲ್ಲಲು ಅದರ ಅಗಲದಷ್ಟು ಖಾಲಿ ಗೋಡೆ ಬೇಕು. ಸ್ವಿಚ್‌ಬೋರ್ಡು ಸಾಮಾನ್ಯವಾಗಿ ಅಲ್ಲೇ ಕೂತಿರುತ್ತದೆ! ಮೊದಲು ಅದನ್ನು ಬೇರೆ ಕಡೆಗೆ ಸರಿಸಿ.

ನಮ್ಮ ಗೋಡೆಗಳು ನೆಟ್ಟಗಿರುವುದು ಅಪರೂಪ. ಹಾಗಾಗಿ ತೆರವಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದು, ದೊಡ್ಡ ಅಳತೆಯನ್ನೇ ಹಿಡಿಯಿರಿ. ಎರಡೂ ಬದಿಗೆ ಒಂದೆರಡು ಇಂಚು ಹೆಚ್ಚಿಗೆ ಕೊಟ್ಟರೆ ಸಂದಿ ಕಾಣದು. ಹಳಿಯ ಉದ್ದ ಬಾಗಿಲಿನ ಅಗಲದ ಎರಡರಷ್ಟು. ರಸಮಟ್ಟ ಇಟ್ಟು ನೋಡದೆ ಬೋಲ್ಟು ಬಿಗಿಯಲು ಬಿಡಬೇಡಿ, ಹಳಿ ತುಸು ವಾಲಿದರೂ ಬಾಗಿಲು ತಾನೇ ತಾನಾಗಿ ಸರಿಯುತ್ತಿರುತ್ತದೆ.

ಹಳಿ ಮೇಲಿರಲಿ. ನೆಲದ ಹಳಿಯಲ್ಲಿ ಕಸ, ಅಕ್ಕಿಕಾಳು, ಸೋಪಿನ ನೀರು ಸೇರಿ ಚಕ್ರ ಕಚ್ಚಿಕೊಳ್ಳುತ್ತದೆ. ಮೇಲಿನ ಹಳಿ ಇಡೀ ಭಾರ ಹೊರುವುದರಿಂದ ಅದನ್ನು ಲಿಂಟಲಿನ ಕಾಂಕ್ರೀಟಿಗೇ ಕೂರಿಸಬೇಕು. ಟೊಳ್ಳು ಬ್ಲಾಕಿನ ಗೋಡೆಯನ್ನು ನಂಬುವಂತಿಲ್ಲ. ಬಾಗಿಲು ತೂಗಾಡದಂತೆ ಕೆಳಗೊಂದು ಪುಟ್ಟ ಗೈಡ್ ಸಾಕು.

ನೀರಿನ ಪಸೆ ಇರುವ ಜಾಗವಾದ್ದರಿಂದ ಐಎಸ್ 710 ಮುದ್ರೆಯ ಪ್ಲೈವುಡ್ ತನ್ನಿ. ಲ್ಯಾಮಿನೇಟ್ ಎರಡೂ ಮುಖಕ್ಕೆ ಅಂಟಿಸಿ, ಹಣ ಉಳಿಸಲು ಒಂದೇ ಕಡೆ ಹಾಕಿಸಿದರೆ ಹಲಗೆ ಬಾಗುತ್ತದೆ.

ಇಂಥ ಬಾಗಿಲನ್ನು ಟಾಯ್ಲೆಟ್ಟಿಗೆ ಮಾತ್ರ ಹಾಕಿಸಬೇಡಿ. ಸದ್ದನ್ನೂ ವಾಸನೆಯನ್ನೂ ಅದು ತಡೆಯುವುದಿಲ್ಲ.