ಗಗನಕುಸುಮ

ನಮ್ಮ ಕಲಿಕಾ ಕೇಂದ್ರಕ್ಕೆ ಒಂದು ಸಂಜೆ ಒಬ್ಬ ಅಕ್ಕ ಬಂದರು. ಬಾಗಿಲಲ್ಲೇ ನಿಂತರು.

“ಮೇಷ್ಟ್ರೇ, ನನ್ನಂಥೋಳಿಗೆ ಓದು ಗಗನಕುಸುಮ. ಸುಮ್ಮನೆ ನೋಡಿ ಹೋಗೋಣಾಂತ ಬಂದೆ” ಅಂದರು.

ಗಗನಕುಸುಮ! ಎಷ್ಟು ಚೆಂದದ ಮಾತು ಅಲ್ವಾ? ಇವತ್ತು ಈ ಮಾತನ್ನೇ ಕಲಿಯೋಣ.

ಗಗನ ಅಂದರೆ ಆಕಾಶ. ಕುಸುಮ ಅಂದರೆ ಹೂವು. ಗಗನಕುಸುಮ ಅಂದರೆ ಆಕಾಶದ ಹೂವು.

ಹೂವು ಬಿಡಲು ಗಿಡ ಬೇಕು. ಗಿಡಕ್ಕೆ ಬೇರು ಬೇಕು. ಬೇರಿಗೆ ಮಣ್ಣು ಬೇಕು, ನೀರು ಬೇಕು. ಆಕಾಶದಲ್ಲಿ ಮಣ್ಣು ಎಲ್ಲಿದೆ? ಅಲ್ಲಿ ಹೂವು ಬಿಡುವುದಿಲ್ಲ. ಇಲ್ಲವೇ ಇಲ್ಲದ ವಸ್ತುವಿಗೆ ಹಿಂದಿನವರು ಈ ಮಾತು ಬಳಸಿದರು. ‘ಮೊಲದ ಕೊಂಬು’ ಅನ್ನೋದೂ ಹೀಗೇ. ಮೊಲಕ್ಕೆ ಇರುವುದು ಉದ್ದ ಕಿವಿ, ಕೊಂಬಲ್ಲ.

ಈಗ ಜನ ಈ ಮಾತನ್ನು ಇನ್ನೊಂದು ರೀತಿ ಬಳಸುತ್ತಾರೆ. ‘ಬಡವರಿಗೆ ಚಿನ್ನ ಗಗನಕುಸುಮ’ ಅನ್ನುತ್ತಾರೆ. ಚಿನ್ನ ಇಲ್ಲವೇ? ಇದೆ. ಅಂಗಡಿಯಲ್ಲಿದೆ. ಬಡವರ ಕೈಗೆ ಎಟುಕುತ್ತಿಲ್ಲ, ಅಷ್ಟೇ.

ಹೀಗೆ ಒಂದೇ ಮಾತಿಗೆ ಎರಡು ಅರ್ಥ ಬಂತು. ಒಂದು, ಇಲ್ಲದ್ದು. ಇನ್ನೊಂದು, ಎಟುಕದ್ದು.

ಇಲ್ಲೇ ನಾವು ಎಚ್ಚರವಾಗಿರಬೇಕು. ಇಲ್ಲದ್ದಕ್ಕೆ ಕೈ ಚಾಚಿ ಫಲವಿಲ್ಲ. ಎಟುಕದ್ದಕ್ಕೆ ಏಣಿ ಹಾಕಬಹುದು.

ಓದು ಯಾವ ಬಗೆಯದು? ಜನಗಣತಿಯ ಲೆಕ್ಕ ನೋಡೋಣ. 1991ರಲ್ಲಿ ಕರ್ನಾಟಕದಲ್ಲಿ 7 ವರ್ಷ ತುಂಬಿದ 100 ಹೆಣ್ಣುಮಕ್ಕಳಲ್ಲಿ ಸುಮಾರು 44 ಜನರಿಗೆ ಓದು ಬರಹ ಬರುತ್ತಿತ್ತು. 2011ರಲ್ಲಿ ಸುಮಾರು 68 ಜನರಿಗೆ ಬರುತ್ತಿತ್ತು. ಇವರೆಲ್ಲ ಆಕಾಶದಿಂದ ಹೂವು ಕಿತ್ತು ತಂದರೇ? ಇಲ್ಲ. ಒಂದೊಂದೇ ಅಕ್ಷರ ಕಲಿತರು.

“ಅಕ್ಕಾ, ಒಳಗೆ ಬನ್ನಿ” ಅಂದೆವು. ಅವರು ಬಂದು ಕೂತರು. ಆ ದಿನ ತಮ್ಮ ಹೆಸರಿನ ಮೊದಲ ಅಕ್ಷರ ಬರೆದರು.

ಕೆಲವು ತಿಂಗಳು ಕಳೆದವು. ಸಂಘದ ಸಭೆಯಲ್ಲಿ ಅವರು ಹೆಬ್ಬೆಟ್ಟು ಒತ್ತಲಿಲ್ಲ. ಮೊದಲು ಲೆಕ್ಕದ ಪುಸ್ತಕ ತೆಗೆದು ತಮ್ಮ ಹೆಸರಿನ ಸಾಲು ಓದಿದರು. ತಾವು ಕಟ್ಟಿದ್ದ 50 ರೂಪಾಯಿ ಅಲ್ಲಿ ಬರೆದಿರಲಿಲ್ಲ. ಅದನ್ನು ತೋರಿಸಿ ಬರೆಸಿದರು. ಆಮೇಲೆ ಸಹಿ ಹಾಕಿದರು.

“ಮೇಷ್ಟ್ರೇ, ಆ ಹೂವು ನೆಲದಲ್ಲೇ ಇತ್ತು ಕಣ್ರೀ” ಅಂತ ನಕ್ಕರು.

ಓದಿ, ಯೋಚಿಸಿ, ಹೇಳಿ:
1. ಗಗನಕುಸುಮ ಅಂದರೇನು?
2. ಇವುಗಳಲ್ಲಿ ಇಲ್ಲದ್ದು ಯಾವುದು, ಎಟುಕದ್ದು ಯಾವುದು? ಮೊಲದ ಕೊಂಬು, ಸ್ವಂತ ಮನೆ, ಮಗಳ ಕಾಲೇಜು ಓದು.
3. ನೀವು ಯಾವುದನ್ನು ಗಗನಕುಸುಮ ಅಂದುಕೊಂಡಿದ್ದಿರಿ? ಎರಡು ಸಾಲು ಬರೆಯಿರಿ.